ಮೊಣಕಾಲಿನ ಕ್ಲಾಸು, ಮೂಡುಬಿದಿರೆಯ ಬಸ್ಸು

ಹಿರಿಯರಿಗೆ ವ್ಯಾಯಾಮ ಹೇಳಿಕೊಡುವುದು ಬಹಳ ಸುಲಭ ಮಾರಾಯ್ರೆ, ಹಿರಿಯರು ಬಾರದಿದ್ದರೆ! ನಾನು ಫಿಸಿಯೋಥೆರಪಿಸ್ಟ್. ಬಂಟ್ವಾಳ ಪೇಟೆಯ ಒಂದು ಹಾಲ್‌ನಲ್ಲಿ ವಾರಕ್ಕೆ ಮೂರು ದಿನ ನನ್ನ ಕ್ಲಾಸು. ಅಲ್ಲಿ ಎಲ್ಲರಿಗಿಂತ ಕಡಿಮೆ ಗೊತ್ತಿರುವುದು ನನಗೆ. ಹಾಗಾಗಿ ಮೂರು ದಿನವೂ ಏನಾದರೊಂದು ಆಗಿಯೇ ಆಗ್ತದೆ.

೧. ಉದ್ಘಾಟನೆ

ಮೊದಲ ದಿನ ಮುಕ್ಕಾಲು ಗಂಟೆಯ ಕ್ಲಾಸು. ನಿವೃತ್ತ ಹೆಡ್‌ಮಾಸ್ಟ್ರೊಬ್ಬರು ಎದ್ದು ನಿಂತು, "ಹಾಗೆಲ್ಲ ಏಕಾಏಕಿ ಕೈಕಾಲು ಆಡಿಸಲಿಕ್ಕೆ ಆಗ್ತದಾ?" ಎಂದು ಕೇಳಿದರು. ಪ್ರಾರ್ಥನೆ ಆಯಿತು, ದೀಪ ಬೆಳಗಿಸಿಯಾಯಿತು. ಸ್ವಾಗತ, ಪ್ರಾಸ್ತಾವಿಕ ಮಾತು ಮುಗಿದವು. ಇನ್ನೂ ಏನೂ ಕಲಿಸದ ನನಗೆ ಶಾಲು ಹೊದೆಸಿ ಸನ್ಮಾನವೂ ಆಯಿತು. ಎರಡು ನಿಮಿಷ ಉಳಿದಾಗ ನಾನು, "ಎಲ್ಲರೂ ಕೈ ಮೇಲೆತ್ತಿ" ಎಂದೆ.

"ಈಗ ಧನ್ಯವಾದ ಸಮರ್ಪಣೆ" ಎಂದರು ಮಾಸ್ಟ್ರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ದಿನ ನಡೆದ ವ್ಯಾಯಾಮ ಅದೊಂದೇ.

೨. ಮುಂದೆ ಜಾಗ ಉಂಟು

ಕ್ಲಾಸಿನಲ್ಲಿ ಒಬ್ಬರು ಅಜ್ಜಿ ಇದ್ದರು. "ನನಗೆ ತೆಳ್ಳಗಾಗುವುದೆಲ್ಲ ಬೇಡ ಡಾಕ್ಟ್ರೆ. ಬಸ್ಸಿನ ಮೆಟ್ಟಿಲು ಹತ್ತಲಿಕ್ಕೆ ಆದರೆ ಸಾಕು. ಮೂಡುಬಿದಿರೆಗೆ ತಂಗಿಯ ಮನೆಗೆ ಹೋಗ್ಬೇಕು" ಎಂದರು.

"ಮಗ ಕಾರಿನಲ್ಲಿ ಬಿಡ್ತಾನಲ್ಲ?"

"ಬಿಡ್ತಾನೆ, ಮತ್ತೆ ಅಲ್ಲಿಯೇ ಕೂತುಕೊಳ್ತಾನೆ. ಅವನ ದೂರು ಅವನೆದುರೇ ಹೇಳ್ಲಿಕ್ಕೆ ಆಗ್ತದಾ?"

ನ್ಯಾಯವಾದ ಮಾತು. ಬಸ್ಸಿನ ಮೆಟ್ಟಿಲಿನಷ್ಟೇ ಎತ್ತರದ ಮರದ ಮೆಟ್ಟಿಲು ಮಾಡಿಸಿದೆ. ಜೀವಮಾನವಿಡೀ ಮುದುಕರನ್ನು ಬಸ್ಸಿಗೆ ಗದರಿಸಿ ಹತ್ತಿಸಿದ ನಿವೃತ್ತ ಕಂಡಕ್ಟರೊಬ್ಬರೂ ನಮ್ಮಲ್ಲಿದ್ದರು. ಮನೆಯಿಂದ ಹಳೆಯ ಸೀಟಿ ತಂದು, ಯಾರೂ ಕೇಳದೆಯೇ ಉಸ್ತುವಾರಿ ವಹಿಸಿಕೊಂಡರು. "ಬೇಗ ಹತ್ತಿ, ಬೇಗ! ಮುಂದೆ ಹೋಗಿ, ಮುಂದೆ ಜಾಗ ಉಂಟು!" ಮುಂದೆ ಇದ್ದದ್ದು ಗೋಡೆ.

ಕೊನೆಗೆ ಅವರದೇ ಸರದಿ ಬಂತು. ಒಂದು ಕಾಲು ಮೇಲೆ ಹೋಯಿತು, ಇನ್ನೊಂದು ಕೆಳಗೇ ಬಾಕಿ. ಅಜ್ಜಿ ಮೆಲ್ಲ ಸೀಟಿ ಕಿತ್ತುಕೊಂಡು ಊದಿದರು. "ಹಿಂದೆ ಇನ್ನೊಂದು ಬಸ್ಸುಂಟು, ಅದರಲ್ಲಿ ಬನ್ನಿ! ರೈಟ್, ಪೋಯಿ, ಹೋಗುವ!"

೩. ಪರೀಕ್ಷೆ

ಮೂರು ತಿಂಗಳು ಕಳೆಯಿತು. ಅಜ್ಜಿಯನ್ನು ಕಳಿಸಿಕೊಡಲು ಇಡೀ ಕ್ಲಾಸು ಬಸ್‌ಸ್ಟಾಪಿನಲ್ಲಿ ನಿಂತಿತ್ತು. ಮೂಡುಬಿದಿರೆಯ ಬಸ್ಸು ಬಂತು. ಆ ಬಸ್ಸಿನ ಕಂಡಕ್ಟರ್ ಅಜ್ಜಿಯ ರಟ್ಟೆ ಹಿಡಿದು ಎಳೆಯಲು ಬಂದ. "ಕೈ ತೆಗಿ ಮಾರಾಯ" ಎಂದು ಅಜ್ಜಿ ಸರಳು ಹಿಡಿದು ಟಕಟಕನೆ ಹತ್ತಿಯೇ ಬಿಟ್ಟರು. ಸುಳ್ಳು ಯಾಕೆ ಹೇಳಲಿ, ನನ್ನ ಕಣ್ಣಲ್ಲಿ ನೀರು ಬಂತು. ಮಾಸ್ಟ್ರು ಅಭಿನಂದನಾ ಭಾಷಣಕ್ಕೆ ಗಂಟಲು ಸರಿ ಮಾಡುವಷ್ಟರಲ್ಲಿ ಬಸ್ಸು ಹೋಗಿತ್ತು.

ಮುಂದಿನ ಕ್ಲಾಸಿಗೆ ಅಜ್ಜಿ ಮುಖ ಊದಿಸಿಕೊಂಡು ಬಂದರು.

"ಏನಾಯ್ತು ಅಜ್ಜಿ? ತಂಗಿ ಸಿಗಲಿಲ್ವಾ?"

"ತಂಗಿ ಸಿಕ್ಕಿದಳು, ಸೀಟು ಸಿಗಲಿಲ್ಲ! ಹಿರಿಯರ ಸೀಟಲ್ಲಿ ಕೂತವನನ್ನು ಏಳಿಸು ಅಂದರೆ ಕಂಡಕ್ಟರ್ ಏನಂದ ಗೊತ್ತುಂಟಾ? 'ನಿಮಗೆ ಯಾಕೆ ಸೀಟು ಅಜ್ಜಿ, ನನಗಿಂತ ಜೋರಾಗಿ ಹತ್ತಿದ್ದೀರಿ' ಅಂತ! ಮೂಡುಬಿದಿರೆವರೆಗೆ ನಿಂತೇ ಹೋದೆ. ಎಲ್ಲ ನಿಮ್ಮಿಂದ!"

ಇದಕ್ಕೆ ಉಪಾಯ ಹೊಳೆದದ್ದು ನಮ್ಮ ಹಳೆಯ ಕಂಡಕ್ಟರಿಗೆ. ಸೀಟು ಯಾರಿಗೆ ಸಿಗ್ತದೆ ಎನ್ನುವುದು ಅವರಷ್ಟು ಯಾರಿಗೆ ಗೊತ್ತು? "ಹತ್ತುವುದು ಹೀಗೆಯೇ ಹತ್ತಿ. ಮೇಲೆ ಹೋದ ಮೇಲೆ ಸೊಂಟ ಹಿಡಿದು 'ಅಯ್ಯೋ ದೇವರೇ' ಅನ್ನಿ, ಎರಡು ಹೆಜ್ಜೆ ಕುಂಟಿ" ಎಂದರು.

ಸೀಟಿ ಊದಿದರು. ಒಬ್ಬರ ಹಿಂದೆ ಒಬ್ಬರು ಟಕ್ಕನೆ ಹತ್ತಿದರು, ನರಳಿದರು, ಕುಂಟಿದರು. ನಾನು ಮೂರು ತಿಂಗಳು ಕಲಿಸಿದ್ದರಲ್ಲಿ ಯಾವುದೂ ಇಷ್ಟು ಚಂದ ಬಂದಿರಲಿಲ್ಲ.

ಅಜ್ಜಿ ಈಗ ವಾರಕ್ಕೊಮ್ಮೆ ಮೂಡುಬಿದಿರೆಗೆ ಹೋಗ್ತಾರೆ, ಒಬ್ಬರೇ, ಕಿಟಕಿ ಪಕ್ಕದ ಸೀಟಿನಲ್ಲಿ. ಮಗ ಮೊನ್ನೆ ಫೋನ್ ಮಾಡಿದ್ದ: "ಡಾಕ್ಟ್ರೆ, ನಿಮ್ಮ ಕ್ಲಾಸಿಗೆ ಬಂದ ಮೇಲೆ ಅಮ್ಮ ಕುಂಟ್ಲಿಕ್ಕೆ ಶುರು ಮಾಡಿದ್ದಾರಂತೆ, ಬಸ್ಸಿನವರು ಹೇಳಿದರು."