ಕ್ಯಾಪ್ಟನ್ನಿನ ಐದನೆಯ ಗುಂಡಿ

ಎರಡು ಗಂಟೆ ಬಾಯಿ ಮುಚ್ಚಿಕೊಂಡು ಕೂರುವುದೂ ಒಂದು ಸಾಧನೆಯೇ? ನನ್ನಂಥ ಗಂಡಸಿಗೆ ಅದು ನೀರು ಕುಡಿದಷ್ಟು ಸುಲಭ! ಹೀಗೆಂದು ಆ ಭಾನುವಾರ ಮಧ್ಯಾಹ್ನ ಎದೆ ತಟ್ಟಿಕೊಂಡು ಹೇಳಿದವನು ಸಾಕ್ಷಾತ್ ನಾನೇ.

ಹಾಗೆ ಹೇಳಬೇಕಾಗಿ ಬಂದದ್ದು ನನ್ನ ಉದ್ಯೋಗದಿಂದ. ನಾನು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಚೆಕ್ಕರ್. ದಿನಕ್ಕೆ ನಾನೂರು ಅಂಗಿ ನನ್ನ ಮೇಜು ದಾಟಿ ಹೋಗುತ್ತವೆ. ಹೊಲಿಗೆ ತಪ್ಪಿದ್ದರೆ, ಗುಂಡಿ ಸೊಟ್ಟಗಿದ್ದರೆ, ಆ ಜಾಗಕ್ಕೆ ಬಾಣದ ಆಕಾರದ ಪುಟ್ಟ ಕೆಂಪು ಚೀಟಿ ಅಂಟಿಸಿ ವಾಪಸ್ ಕಳಿಸುತ್ತೇನೆ. ಇಪ್ಪತ್ತು ವರ್ಷ ತಪ್ಪು ಹುಡುಕಿದ ಕಣ್ಣು ಮನೆಗೆ ಬಂದ ಕೂಡಲೇ ಕುರುಡಾಗುತ್ತದೆಯೇ? ಸಿನಿಮಾ ನೋಡುವಾಗಲೂ "ಅಯ್ಯೋ, ಈಗ ತಾನೇ ಎಡಗೈಯಲ್ಲಿದ್ದ ವಾಚು ಬಲಗೈಗೆ ಹೇಗೆ ಬಂತು?" ಎಂದು ಕೂಗುತ್ತಿದ್ದೆ. ಯಾರೂ ಉತ್ತರ ಕೊಡದಿದ್ದರೆ ಗೊಣಗುತ್ತಾ ಎದ್ದು ಹೋಗಿ, ಮುಂದಿನ ತಪ್ಪು ಹಿಡಿಯಲು ಎರಡೇ ನಿಮಿಷಕ್ಕೆ ವಾಪಸ್ ಬರುತ್ತಿದ್ದೆ!

ಪರಿಣಾಮ? ಮೂರು ತಿಂಗಳಿಂದ ಹೆಂಡತಿ ಮತ್ತು ಮಗಳು ಲ್ಯಾಪ್‌ಟಾಪ್ ಹಿಡಿದು, ಕೋಣೆಯ ಬಾಗಿಲು ಹಾಕಿಕೊಂಡು ಸಿನಿಮಾ ನೋಡುತ್ತಿದ್ದರು. ಒಳಗೆ ಇಬ್ಬರೂ ಬಿದ್ದು ಬಿದ್ದು ನಗುವುದು ಕೇಳಿಸುತ್ತಿತ್ತು. ಹೊರಗೆ ಮೂರು ಜನರ ಸೋಫಾದಲ್ಲಿ ನಾನೊಬ್ಬನೇ. ನಿಜ ಹೇಳುತ್ತೇನೆ, ತುಂಬಾ ಬೇಜಾರಾಗುತ್ತಿತ್ತು.

ಕೊನೆಗೆ ಕೈ ಮುಗಿದೆ. "ನನ್ನನ್ನೂ ಸೇರಿಸ್ಕೊಳ್ರೇ!"

"ಅದಕ್ಕೆ ಪರೀಕ್ಷೆ ಇದೆ," ಎಂದಳು ಹೆಂಡತಿ. "ಇವತ್ತು ಟೀವಿಲೇ ನೋಡೋಣ. ‘ಮುಗಿಯಿತು’ ಅಂತ ಬರೋವರೆಗೂ ನೀವು ಬಾಯಿ ಬಿಡಬಾರದು. ಎದ್ದೂ ಹೋಗಬಾರದು. ಪಾಸಾದ್ರೆ ಇನ್ಮೇಲೆ ಪ್ರತಿ ವಾರ ನಮ್ಮ ಜೊತೆ. ಫೇಲಾದ್ರೆ ಈ ಜನ್ಮದಲ್ಲಿ ಆ ಬಾಗಿಲು ತಟ್ಟಬೇಡಿ!"

ಸಿನಿಮಾ ಆರಿಸಿದವಳು ಮಗಳು. ಎಂಥಾ ಕಿಲಾಡಿ! ನಲವತ್ತು ವರ್ಷ ಹಳೆಯ ವೈಜ್ಞಾನಿಕ ಚಿತ್ರ. ಕಥೆ ನಡೆಯುವುದು ಯಾವಾಗ ಗೊತ್ತೇ? ಈ ವರ್ಷ! ಆ ಪುಣ್ಯಾತ್ಮರು ಅಂದು ತಲೆ ಕೆರೆದುಕೊಂಡು ಊಹಿಸಿದ ಭವಿಷ್ಯದಲ್ಲಿ ನಾವು ಮೂವರೂ ಹಳೇ ಪೈಜಾಮ ತೊಟ್ಟು ಕೂತಿದ್ದೆವು.

ಮೊದಲ ದೃಶ್ಯದಲ್ಲೇ ಊರಿಗೆ ಊರೇ ಬೆಳ್ಳಿ ಬಣ್ಣದ ಬಟ್ಟೆ ತೊಟ್ಟು ಹಾರುವ ಕಾರುಗಳಲ್ಲಿ ಆಫೀಸಿಗೆ ಹೊರಟಿತ್ತು. ಹಾರುವ ಕಾರಿನೊಳಗೊಂದು ಫೋನು. ಆ ಫೋನಿಗೆ ಸುರುಳಿ ಸುರುಳಿ ವೈರು! ನಾಲಿಗೆ ಕಚ್ಚಿಕೊಂಡೆ. ಚಂದ್ರನ ಮೇಲೆ ಮನೆ ಕಟ್ಟಿದ ಮಹಾನುಭಾವರು ಕೂಡಿಸಿ ಕಳೆಯಲು ಬೀರುವಿನಷ್ಟು ದೊಡ್ಡ ಕಂಪ್ಯೂಟರ್ ಇಟ್ಟುಕೊಂಡಿದ್ದರು. ದಿಂಬು ಕಚ್ಚಿಕೊಂಡೆ. ರಾಕೆಟ್ಟು ಹಾರಿದಾಗ ಅದನ್ನು ಎತ್ತಿ ಹಿಡಿದ ದಾರ ಫಳಫಳ ಹೊಳೆಯಿತು. ದಾರ! ಅದೂ ನನ್ನ ಕಣ್ಣೆದುರಿಗೆ! ಅದನ್ನೂ ನುಂಗಿಕೊಂಡೆ.

ಆದರೆ ಕ್ಯಾಪ್ಟನ್ನಿನ ಕೋಟು ಇತ್ತಲ್ಲ, ಅದು ನನ್ನ ಕಥೆ ಮುಗಿಸಿತು. ಬಾಗಿಲ ಆಚೆ ಐದು ಗುಂಡಿ. ಈಚೆ ಬಂದಾಗ ನಾಲ್ಕು! ಭಾನುವಾರವೂ ಕೆಂಪು ಚೀಟಿಗಳಿರುವ ಜೇಬಿಗೆ ನನ್ನ ಕೈ ತಾನಾಗಿ ಹೋಯಿತು. ಮಾತಾಡಬಾರದು ಅಂದಿದ್ದರು, ಅಂಟಿಸಬಾರದು ಅಂದಿರಲಿಲ್ಲವಲ್ಲ! ನಮ್ಮದು ಕೈಗೆ ಟೀವಿ ಸಿಗುವಷ್ಟು ಇಕ್ಕಟ್ಟಾದ ಹಾಲ್. ಕೂತಲ್ಲಿಂದಲೇ ಬಾಗಿ ಕ್ಯಾಪ್ಟನ್ನಿನ ಹೊಟ್ಟೆಗೆ ಕೆಂಪು ಬಾಣ ಅಂಟಿಸಿದೆ. ಅವನು ಪಕ್ಕಕ್ಕೆ ಸರಿದ. ಬಾಣ ನಾಯಕಿಯ ಮೂಗಿನ ಮೇಲೆ ಉಳಿಯಿತು.

"ಅಪ್ಪಾ!" ಮಗಳು ಕಿರುಚಿದಳು.

"ರೀ, ಟೀವೀನ ಅಂಗಿ ಅಂದ್ಕೊಂಡ್ರಾ?"

ನಾನು ಮುಚ್ಚಿದ ತುಟಿಗಳನ್ನು ಹೆಮ್ಮೆಯಿಂದ ತೋರಿಸಿದೆ. ಅರ್ಧ ಗಂಟೆಯಲ್ಲಿ ಪರದೆ ತುಂಬಾ ಹದಿನಾಲ್ಕು ಬಾಣಗಳಾದವು. ಕ್ಯಾಪ್ಟನ್ ಮುಖಕ್ಕೆ ದಡಾರ ಬಂದಂತಾಯಿತು. ಹೆಂಡತಿ ಎದ್ದು ಎಲ್ಲವನ್ನೂ ಕಿತ್ತು, "ಇನ್ಮೇಲೆ ನೀವು ಏನು ತೋರಿಸಿದ್ರೂ ನಾವಿಬ್ರೂ ನೋಡಲ್ಲ!" ಎಂದು ಘೋಷಿಸಿ, ಕಾಲು ಮೇಲೆತ್ತಿಕೊಂಡು ಹೊದಿಕೆಯೊಳಗೆ ಸೇರಿದಳು. ಮಗಳೂ ಹಾಗೇ ಮಾಡಿದಳು.

ಆಗ ಕೇಳಿಸಿತು: ‘ಸುಯ್ಯ್ಯ್...’

ಪರದೆಯಲ್ಲಿ ರಾಕೆಟ್ಟಿಗೆ ತೂತು ಬಿದ್ದು ಗಾಳಿ ಸೋರುತ್ತಿತ್ತು. "ಹಳೇ ಸಿನಿಮಾ ಆದ್ರೂ ಸೌಂಡು ಕೇಳಮ್ಮ! ನಮ್ಮನೇಲೇ ಸೋರಿದ ಹಾಗಿದೆ!" ಎಂದಳು ಮಗಳು.

ಅದು ನಿಜವಾಗಿಯೂ ನಮ್ಮ ಬಚ್ಚಲಿನ ಸದ್ದೇ! ಬೆಳಗ್ಗೆ ಬಟ್ಟೆ ನೆನೆಸಲು ಹೋದಾಗ ನಲ್ಲಿ ತಿರುಗಿಸಿದ್ದೆ. ನೀರು ಬಂದಿರಲಿಲ್ಲ. ತಿರುಗಿಸಿದ ನಲ್ಲಿಯನ್ನು ಹಾಗೇ ಬಿಟ್ಟು ಬಂದಿದ್ದೆ. ಈಗ ಬಂದಿದೆ ನೀರು! ಗಾಬರಿಯಿಂದ ಏಳಹೊರಟೆ.

"ಎದ್ರೆ ಫೇಲು!" ಮಗಳು ಅಂಗಿ ಹಿಡಿದು ಎಳೆದಳು.

ಕೂತೆ. ನನ್ನ ಘನಂದಾರಿ ಲೆಕ್ಕಾಚಾರ ಕೇಳಿ: ಸಿನಿಮಾ ಇನ್ನು ಇಪ್ಪತ್ತೈದೇ ನಿಮಿಷ. ಬಕೆಟ್ಟು ತುಂಬಿ ಚೆಲ್ಲಿದರೂ ನೀರು ಬಚ್ಚಲ ಜಾಲರಿಯೊಳಗೆ ತಾನೇ ಹೋಗುವುದು? ಹೋಗಲಿ ಬಿಡು! ಆ ಜಾಲರಿಯ ಮೇಲೆ ನನ್ನದೇ ಪ್ಯಾಂಟು ಬಿದ್ದು ಮಲಗಿರುವುದು ಲೆಕ್ಕದಲ್ಲಿ ಇರಲಿಲ್ಲ.

ಹತ್ತು ನಿಮಿಷಕ್ಕೆ ಅಂಗಾಲು ತಣ್ಣಗಾಯಿತು. ಮಗಳ ಚಪ್ಪಲಿಗಳು ಒಂದರ ಹಿಂದೊಂದು ನನ್ನ ಮುಂದೆ ತೇಲಿ ಹೋದವು. ಕೈ ಬೀಸಿದೆ, ನೆಲ ತೋರಿಸಿದೆ, ಈಜುವವನಂತೆ ನಟಿಸಿದೆ. ಇಬ್ಬರೂ ಪರದೆಯಿಂದ ಕಣ್ಣು ಕೀಳಲಿಲ್ಲ. ಉಳಿದಿದ್ದ ಕೊನೆಯ ಬಾಣವನ್ನು ಮೊನೆ ಕೆಳಗೆ ಮಾಡಿ ಹೆಂಡತಿಯ ಮೊಣಕಾಲಿಗೆ ಅಂಟಿಸಿದೆ.

"ಈಗ ನನ್ನಲ್ಲೂ ತಪ್ಪು ಕಾಣ್ತಾ?" ಎಂದು ಕಿತ್ತೆಸೆದಳು. ಬಾಣ ನೀರಿನಲ್ಲಿ ತೇಲಿಕೊಂಡು ಹೊರಬಾಗಿಲ ಕಡೆ ಹೊರಟಿತು.

ಒಂದೇ ಒಂದು ಮಾತು ಸಾಕಿತ್ತು. ಆದರೆ ಆ ಮುಚ್ಚಿದ ಬಾಗಿಲು, ಅದರ ಹಿಂದಿನ ನಗು ನೆನಪಾಗಿ ತುಟಿಗಳನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡೆ. ನನಗೆ ಮನೆಗಿಂತ ಮನೆಯವರ ಪಕ್ಕದ ಜಾಗವೇ ದೊಡ್ಡದಾಯಿತು.

ಅಂತೂ ಪರದೆಯ ಮೇಲೆ ‘ಮುಗಿಯಿತು’ ಎಂದು ಬಂತು.

"ನೀರೂ!" ಎಂದು ಸೂರು ಹಾರಿಹೋಗುವಂತೆ ಕಿರುಚಿದೆ. ಗೆದ್ದ ಖುಷಿಯಲ್ಲಿ ಕುಣಿಯಲು ಹೋಗಿ, ಜಾರಿ, ಆ ನೀರಿನಲ್ಲೇ ಕೂತೆ.

ಅದೇ ಹೊತ್ತಿಗೆ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಕೆಳಗಿನ ಮನೆಯ ನಿವೃತ್ತ ಹೆಡ್‌ಮೇಡಂ ಬಿಚ್ಚಿದ ಕೊಡೆ ಹಿಡಿದು ನಿಂತಿದ್ದರು!

"ಹೊರಗೆ ಬಿಸಿಲಿದೆ. ನಮ್ಮ ಅಡುಗೆಮನೇಲಿ ಮಾತ್ರ ಮಳೆ. ಕಾರಣ ತಿಳಿಸ್ತೀರಾ?"

ಸಂಜೆಯವರೆಗೂ ಎರಡೂ ಮನೆಗಳನ್ನು ಒರೆಸಿದೆವು. ಸೊಂಟ ಹಿಡಿದುಕೊಂಡಿದ್ದರೂ ನನ್ನ ಹಕ್ಕನ್ನು ಬಿಟ್ಟುಕೊಡಲಿಲ್ಲ. "ಏನೇ ಹೇಳು, ‘ಮುಗಿಯಿತು’ ಬಂದ ಮೇಲೇ ನಾನು ಬಾಯಿ ಬಿಟ್ಟಿದ್ದು. ಎದ್ದೂ ಹೋಗ್ಲಿಲ್ಲ. ಪಾಸು ತಾನೇ?"

ಹೆಂಡತಿ ಹಿಂಡುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟು ನನ್ನನ್ನೇ ದಿಟ್ಟಿಸಿದಳು.

"ಪಾಸೇ ಕಣ್ರೀ! ನೀವು ಬಾಯಿ ಬಿಟ್ಟಾಗ ಬರೀ ಸಿನಿಮಾ ಹಾಳಾಗ್ತಿತ್ತು. ಬಾಯಿ ಮುಚ್ಚಿದ್ದಕ್ಕೆ ಎರಡು ಮನೆ ಹಾಳಾಯ್ತು! ಮುಂದಿನ ಭಾನುವಾರ ನಮ್ಮಿಬ್ಬರ ಮಧ್ಯದಲ್ಲೇ ಬಂದು ಕೂತ್ಕೊಳ್ಳಿ. ಷರತ್ತು ಒಂದೇ. ದಮ್ಮಯ್ಯ ಅಂತೀನಿ, ವಟವಟ ಅಂತಾನೇ ಇರಿ!"