ಅರ್ಧ ಸಿನಿಮಾದ ಪೂರ್ತಿ ಜಗಳ

ನಮ್ಮತ್ತೆಯನ್ನು ಸಿನಿಮಾಕ್ಕೆ ಕರೆದೊಯ್ಯುವವರು ಟಿಕೆಟ್ಟಿನ ಜೊತೆಗೆ ಒಂದಿಷ್ಟು ಮಾನವನ್ನೂ ಮನೆಯಿಂದ ಹೆಚ್ಚಿಗೆ ಕಟ್ಟಿಕೊಂಡು ಹೋಗಬೇಕು. ವಾಪಸ್ ಬರುವಾಗ ಎಷ್ಟು ಉಳಿದಿರುತ್ತದೋ ಹೇಳಲಾಗದು!

ಅತ್ತೆ ತೆಲುಗು ಗಡಿಯ ಮಕ್ತಲ್‌ನಲ್ಲಿ ಅರವತ್ತು ಕುರಿಗಳ ಒಡತಿ. ಸಂತೆಯಲ್ಲಿ ಟಗರಿನ ಬಾಯಿ ತೆರೆದು ವಯಸ್ಸು ಹೇಳುವ ಈ ಹೆಂಗಸು ತೆರೆಯ ಮೇಲಿನ ಹೀರೋನನ್ನೂ ಬಿಡುವುದಿಲ್ಲ. "ಎರಡು ಹಲ್ಲಿನ ಹುಡ್ಗಿಗಿ ಇಂಥಾ ಹಲ್ಲು ಸವದ ಗಂಡಾ? ಯಾವ ದಲ್ಲಾಳಿ ತೋರ್ಸಿದನಬೇ ಇವನ್ನ!" ಎಂದು ಕತ್ತಲಲ್ಲಿ ಕೂಗುತ್ತಾಳೆ. ನಾನು ನಾಚಿ ತಲೆ ತಗ್ಗಿಸುತ್ತೇನೆ ಅಂದುಕೊಂಡಿರಾ? ಮರುದಿನ ಅದೇ ಮಾತನ್ನು ಅವಳದೇ ಧ್ವನಿಯಲ್ಲಿ ಒದರಿ ಗೆಳೆಯರಿಂದ ಚಹಾ ಗಿಟ್ಟಿಸುತ್ತೇನೆ. ನನ್ನ ಕಸುಬು ಮೊಬೈಲ್ ರಿಪೇರಿ, ಚಟ ಮಿಮಿಕ್ರಿ. ಎರಡರಲ್ಲೂ ಗಿರಾಕಿಗಳು ಬೈದೇ ಹೋಗುತ್ತಾರೆ.

ಅತ್ತೆಯ ಜೀವದ ಗೆಳತಿ ಗದ್ವಾಲದ ಬೀಬಿ. ಸೀರೆಗೆ ಫಾಲ್ ಹೊಲಿಯುವವಳು. ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಾಳೆ. ಅತ್ತೆ ಗುಡುಗಿದರೆ ಬೀಬಿ ಪಿಸುಗುಡುತ್ತಾಳೆ. ಇವರ ದೋಸ್ತಿ ಹುಟ್ಟಿದ್ದು ಬಸ್ಸಿನಲ್ಲಿ. ಇಪ್ಪತ್ತು ವರ್ಷದ ಹಿಂದೆ ಸೀಟು ಹಿಡಿಯಲು ಅತ್ತೆ ಒಂದು ಕಿಟಕಿಯಿಂದ ಟವೆಲ್ ಎಸೆದಳು, ಬೀಬಿ ಇನ್ನೊಂದು ಕಿಟಕಿಯಿಂದ ಕರ್ಚೀಫು. ಎರಡೂ ಬಿದ್ದದ್ದು ಒಂದೇ ಸೀಟಿನ ಮೇಲೆ! ಇಬ್ಬರೂ ಅರ್ಧರ್ಧ ಕುಂಡೆ ಊರಿ ಜಗಳಾಡುತ್ತ ಗದ್ವಾಲ ಮುಟ್ಟಿದರು. ಇಳಿಯುವ ಹೊತ್ತಿಗೆ ಒಬ್ಬರ ಮನೆಯ ಉಪ್ಪಿನಕಾಯಿ ಇನ್ನೊಬ್ಬರ ಚೀಲದಲ್ಲಿತ್ತು. ಅಂದಿನಿಂದ ಅಕ್ಷರ ಬಾರದ ಅತ್ತೆಗೆ ಬಂದ ಕಾಗದಗಳೆಲ್ಲ, ಲಗ್ನಪತ್ರಿಕೆಯಿಂದ ಪಂಚಾಯ್ತಿ ನೋಟಿಸಿನವರೆಗೆ, ಬೀಬಿಯ ಬಾಯಿಂದಲೇ ಓದಿಸಿಕೊಳ್ಳಬೇಕು. ಹತ್ತನೇ ತರಗತಿ ಪಾಸಾದ ನಾನು ಓದಿದರೆ ನಂಬುವುದಿಲ್ಲ. "ನಿನ್ನ ಬಾಯಾಗ ಯಾರ ಧ್ವನಿ ಇರ್ತದೋ ಯಾರಿಗ್ಗೊತ್ತು!"

ಮೊನ್ನೆ ಗದ್ವಾಲಕ್ಕೆ ನಿಜಾಮರ ಕಾಲದ ಒಂದು ತೆಲುಗು ಸಿನಿಮಾ ಬಂತು. ದೇವಡಿ ಎಂಬ ದೊಡ್ಡ ಬಂಗಲೆಯ ಸಾಹುಕಾರನ ಮಗಳು, ಅವಳ ಮನೆಗೆ ಹಾಲು ಹಾಕುವ ಹುಡುಗಿ, ಇಬ್ಬರಿಗೂ ದೋಸ್ತಿ. ಓದು ಬಾರದ ಹಾಲಿನ ಹುಡುಗಿಗೆ ಒಬ್ಬ ಗುಮಾಸ್ತ ಪ್ರೇಮಪತ್ರ ಬರೆಯುತ್ತಾನೆ, ದೇವಡಿಯ ಹುಡುಗಿ ಓದಿ ಹೇಳುತ್ತಾಳೆ. ನಗುವೋ ನಗು. ನಾವು ಮೂವರೂ ಹೋಗಿದ್ದೆವು. ಅತ್ತೆ ಮೊದಲ ಹತ್ತು ನಿಮಿಷದಲ್ಲೇ, "ನಿಜಾಮನ ಕಾಲದ ಕುರಿ ಕಿವ್ಯಾಗ ಪ್ಲಾಸ್ಟಿಕ್ ಬಿಲ್ಲೆ ಎಲ್ಲಿಂದ ಬಂತು?" ಎಂದಳು. ಬೀಬಿ ಸೂಜಿ ಇಲ್ಲದ ಬಾಯಲ್ಲಿ, "ಅರೇ, ಆಕಿ ಸೀರಿಗಿ ಫಾಲ್ ನೋಡಕ್ಕಾ! ನಮ್ಮ ನಾನಿ ಕಾಲದಾಗ ಫಾಲ್ ಎಲ್ಲಿತ್ತು?" ಎಂದಳು. ಇತಿಹಾಸ ಅಲ್ಲಿಗೆ ಮುಗಿಯಿತು!

ಇಂಟರ್ವಲ್‌ಗೆ ಸರಿಯಾಗಿ ದೇವಡಿಯ ಹುಡುಗಿ ಒಂದು ಪತ್ರವನ್ನು ತನ್ನಷ್ಟಕ್ಕೇ ಓದಿ, ಹರಿದು, "ಏನೂ ಇರಲಿಲ್ಲ" ಎಂದುಬಿಟ್ಟಳು. ದೀಪ ಹತ್ತಿತು. ಅತ್ತೆಯೂ ಹೊತ್ತಿಕೊಂಡಳು.

"ಓದಾಕ ಬರಂಗಿಲ್ಲಂತ ಹಿಂಗ ಮೋಸ ಮಾಡೂದಾ?"

"ಆಕಿ ಚಲೋಕ್ಕ ಹರದಿರಬೇಕು, ಅಕ್ಕಾ."

"ಚಲೋದು ಕೆಟ್ಟದ್ದು ಹೇಳಾಕ ಈಕಿ ಯಾರು? ಅಲ್ಲ ಬೀಬಿ... ನೀನೂ ನನಗ ಹಿಂಗ ಓದಿ ಹೇಳಿಯೇನು?"

ಬೀಬಿ ತನ್ನ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. "ಇಪ್ಪತ್ತು ವರ್ಷ ಓದೀನಿ. ಇವತ್ತು ಕೇಳ್ತಿ?" ಎಂದಳು. ನಾನು ಮಿರ್ಚಿ ಭಜ್ಜಿ ತರುವ ನೆಪದಲ್ಲಿ ಓಡಿದೆ. ಬಂದು ನೋಡಿದರೆ ಎರಡೂ ಸೀಟು ಖಾಲಿ. ಮುನಿಸಿಕೊಂಡು ಬೇರೆ ಬೇರೆ ಸಾಲಿಗೆ ಹೋಗಿದ್ದಾರೆಂದುಕೊಂಡು ಮೂರು ಜನರ ಭಜ್ಜಿಯನ್ನು ದುಃಖದಿಂದ ಒಬ್ಬನೇ ತಿಂದು ಉಳಿದರ್ಧ ನೋಡಿದೆ.

ಆಮೇಲೆ ಹತ್ತು ದಿನ ಮಾತಿಲ್ಲ, ಫೋನಿಲ್ಲ. ಬಂದ ಕಾಗದಗಳು ಗೂಡಿನಲ್ಲಿ ಹಾಗೇ ಬಿದ್ದವು. ಆದರೆ ನಾನು ಸ್ಪೇರ್ ಪಾರ್ಟ್ಸ್ ತರಲು ಗದ್ವಾಲಕ್ಕೆ ಹೋಗಿಬಂದರೆ ಸಾಕು, "ಆಕಿ ಏನಂದ್ಲು? ಆಕಿ ಹಾಂಗ ಅಂದು ತೋರ್ಸು" ಎನ್ನುತ್ತಿದ್ದಳು ಅತ್ತೆ. ನಾನು ಗುಂಡುಸೂಜಿ ಕಚ್ಚಿ, "ನಿಮ್ಮತ್ತಿಗಿ ಅಕಲ್ ಇಲ್ಲ ಬೇಟಾ" ಎಂದು ಪಿಸುಗುಟ್ಟುವೆ. ಅತ್ತೆ ಕಣ್ಣರಳಿಸಿ ಕೇಳಿ, ಕೊನೆಗೆ ಚಪ್ಪಲಿ ಬೀಸುವಳು. ಅಲ್ಲಿ ಬೀಬಿಯ ಮುಂದೆ ಅತ್ತೆಯಂತೆ ಗುಡುಗಿದರೆ ಅಳತೆಪಟ್ಟಿಯ ಏಟು. ಬೈಗುಳ ಅವರವರದು, ಬೆನ್ನು ಮಾತ್ರ ನನ್ನದು!

"ಅತ್ತಿ, ಆ ಪತ್ರ ಯಾಕ ಹರದಳಂತ ಆಮ್ಯಾಲ ತೋರ್ಸ್ತಾರಲ್ಲ..." ಎಂದು ಬಾಯಿಬಿಟ್ಟರೆ, "ಸುಮ್ಕಿರು, ನಾ ನೋಡಿಲ್ಲೇನು? ಕೆಟ್ಟ ಸಿನಿಮಾ!" ಎಂದಳು. ಬೀಬಿಯನ್ನು ಕೇಳಿದೆ. "ದೇಖಾ, ಪೂರಾ ನೋಡೀನಿ. ಬಹಳ ಚಲೋ ಸಿನಿಮಾ!" ಎಂದಳು. ಸರಿ, ಕೊನೆಯಲ್ಲಿ ಹೀರೋ ಆನೆ ಮೇಲಿಂದ ಬಿದ್ದದ್ದು ಹೇಗಿತ್ತು ಎಂದು ಇಬ್ಬರಿಗೂ ಬೇರೆ ಬೇರೆಯಾಗಿ ಕೇಳಿದೆ. ಒಬ್ಬಳಿಗೆ ನಗು ಬಂದಿತ್ತಂತೆ, ಇನ್ನೊಬ್ಬಳಿಗೆ ಅಳು. ಆ ಸಿನಿಮಾದಲ್ಲಿ ಆನೆಯೇ ಇಲ್ಲ! ಇಬ್ಬರೂ ಅಂದು ಇಂಟರ್ವಲ್‌ನಲ್ಲೇ ಎದ್ದು ಒಂದೊಂದು ಗೇಟಿನಿಂದ ಹೊರಗೆ ಹೋಗಿದ್ದರು.

ಶುಕ್ರವಾರ ಸಿನಿಮಾ ಬದಲಾಗುತ್ತದೆ. ಬುಧವಾರ ನನ್ನ ಕಲೆಯನ್ನೆಲ್ಲ ಒಟ್ಟುಗೂಡಿಸಿ ಅತ್ತೆಯ ಧ್ವನಿಯಲ್ಲಿ ಫೋನ್ ಮಾಡಿದೆ: "ಬೀಬಿ, ನಂದು ತಪ್ಪಾತು. ನಾಳೆ ಮ್ಯಾಟ್ನಿಗಿ ಬಾ."

"ಬೇಟಾ," ಎಂದಿತು ಆ ಕಡೆಯ ಧ್ವನಿ, "ನಿಮ್ಮತ್ತಿ ಸತ್ರೂ ತಪ್ಪಾತು ಅನ್ನಂಗಿಲ್ಲ. ಫೋನ್ ಇಡು." ನಾನು ಇಡುವಷ್ಟರಲ್ಲಿ, "ಮ್ಯಾಟ್ನಿ ಎಷ್ಟು ಗಂಟೆಗಿ?"

ಅತ್ತೆಗೂ ಹೇಳಿದೆ. "ಬೀರಪ್ಪನ ಆಣಿ, ನಾ ಆಕಿ ಸಲುವಾಗಿ ಬರಂಗಿಲ್ಲ. ಸಿನಿಮಾ ಸಲುವಾಗಿ ಬರ್ತೀನಿ" ಎಂದಳು. ಕೆಟ್ಟ ಸಿನಿಮಾಕ್ಕೆ ಎರಡನೇ ಸಲ!

ಗುರುವಾರ ನಾನು ನಡುವಿನ ಸೀಟಿನಲ್ಲಿ, ಆಚೀಚೆ ಇಬ್ಬರೂ ಮುಖ ತಿರುವಿಕೊಂಡು. ಇಂಟರ್ವಲ್ ದಾಟಿತು. ಹಾಲಿನ ಹುಡುಗಿ ಹರಿದ ಚೂರುಗಳನ್ನು ಅಂಟಿಸಿ ಹಿಡಿದಳು. ಪತ್ರ ತೆರೆತುಂಬ ಮೂಡಿತು. ಅಕ್ಷರ ಕಂಡದ್ದೇ ತಡ, ಬೀಬಿ ಅಭ್ಯಾಸಬಲದಿಂದ ನನ್ನ ತೊಡೆಯ ಮೇಲೇ ಬಗ್ಗಿ ಅತ್ತೆಯ ಕಿವಿಗೆ ಓದತೊಡಗಿದಳು: "ಗುಮಾಸ್ತ ಬರದಾನಕ್ಕಾ... ನನ್ನ ಮನಸ್ಸು ಈಗ ಈ ಕಾಗದ ಓದಿ ಹೇಳೋಳ ಮ್ಯಾಲ ಐತಿ, ಅಂತ." ಗೆಳತಿಯ ಎದೆ ಒಡೆಯಬಾರದೆಂದು ದೇವಡಿಯ ಹುಡುಗಿ ಅದನ್ನು ಹರಿದಿದ್ದಳು.

ಓದಿ ಮುಗಿದ ಮೇಲೆಯೇ ಬೀಬಿಗೆ ತಾನೇನು ಮಾಡಿದೆನೆಂದು ಹೊಳೆದಿರಬೇಕು. ಹಿಂದೆ ಸರಿದಳು. ಅತ್ತೆ ತೆರೆಯನ್ನೇ ನೋಡುತ್ತ ಕೇಳಿದಳು:

"ಹಂಗಂತ ಬರದೈತಿ?"

"ಇವನ್ನ ಕೇಳು, ಬೇಕಾದ್ರ."

"ಇವನ್ನ ಯಾಕ ಕೇಳ್ಲಿ? ನೀ ಓದೀದಿ ಅಂದ್ಮ್ಯಾಗ ಮುಗೀತು." ಆಮೇಲೆ ನನ್ನ ಪಕ್ಕೆಗೆ ಮೊಣಕೈ ತಿವಿದಳು. "ಲೇ, ಏಳು. ಈ ಕಡಿ ಬಂದು ಕುಂದ್ರು. ನಡುವ ಕಂಬ ನಿಂತಂಗ ಕುಂತಾನ!"

ಅಲ್ಲಿಂದ ಮುಂದಿನ ಸಿನಿಮಾ ಯಾರಿಗೂ ಕೇಳಿಸಲಿಲ್ಲ. ಹತ್ತು ದಿನದ ಮಾತು ಬಾಕಿ ಇತ್ತಲ್ಲ! ಹಿಂದಿನ ಸಾಲಿನವರು ಶ್ ಶ್ ಎಂದು ಬಾಯಿ ಒಣಗಿಸಿಕೊಂಡರು.

ಸಂಜೆ ಮಕ್ತಲ್ ಬಸ್ಸಿನಲ್ಲಿ ಅತ್ತೆ ಕಿಟಕಿಗೆ ತಲೆಯಾನಿಸಿ ಸುಮ್ಮನೆ ಕೂತಿದ್ದಳು. ಬಸ್ಸು ಜುರಾಲ ಅಣೆಕಟ್ಟಿನ ನೀರು ದಾಟುತ್ತಿತ್ತು. ನಗಿಸೋಣವೆಂದು ನಾನು ತುಟಿ ಬಿಗಿದು, ಬೀಬಿಯ ಪಿಸುದನಿಯಲ್ಲಿ, "ಅರೇ ಅಕ್ಕಾ..." ಎಂದು ಶುರುಮಾಡಿದೆ.

ಅತ್ತೆ ತನ್ನ ಒರಟು ಅಂಗೈಯನ್ನು ನನ್ನ ಬಾಯಿಗೆ ಮೆಲ್ಲಗೆ ಅಡ್ಡ ಇಟ್ಟಳು.

"ಬ್ಯಾಡೋ. ಆಕೀದು ಖರೇ ಧ್ವನಿ ಇನ್ನಾ ಕಿವ್ಯಾಗ ಐತಿ. ಊರು ಬರೂತನ ಇರ್ಲಿ."