ಕೋಟೆ ಬಾಗಿಲ ರಕ್ಕಸ

"ರಕ್ಕಸ ಅಂದ್ರೆ ಸಾಯ್ಕ್ ಅಲ್ದಾ?"

ಭೋಜರಾಜ ಕೇಳಿದ್ದು ಯಾರನ್ನೂ ಅಲ್ಲ. ಭಾನುವಾರ ಬೆಳಿಗ್ಗೆ ಕುಂದಾಪುರದ ಆ ಸೈಬರ್ ಕೆಫೆಯಲ್ಲಿ ಅವನೆದುರಿಗೆ ಕಂಪ್ಯೂಟರ್ ಪರದೆ ಬಿಟ್ಟರೆ ಬೇರೆ ಜನವಿರಲಿಲ್ಲ.

ರಕ್ಕಸನಾದವನು ಸಾಯಬೇಕಲ್ಲವೇ ಎಂಬ ಪ್ರಶ್ನೆಯಲ್ಲಿ ನ್ಯಾಯವಿತ್ತು. ಅವನು ಆಡುವ ಇಂಟರ್ನೆಟ್ ಆಟದಲ್ಲಿ ಕೋಟೆ ಬಾಗಿಲಿಗೊಬ್ಬ ರಕ್ಕಸ. ಇಷ್ಟು ದಿನ ಅವನನ್ನು ಯಂತ್ರವೇ ಆಡಿಸುತ್ತಿತ್ತು. ಎರಡು ಸಲ ಗದೆ ಬೀಸಿ, ಮೂರನೆಯದಕ್ಕೆ ಮರ್ಯಾದೆಯಿಂದ ಬೀಳುತ್ತಿದ್ದ. ಈಗ ಕಂಪನಿಯವರು ಹೊಸ ನಿಯಮ ತಂದಿದ್ದರು: ಬೇಕಾದವರು ರಕ್ಕಸನನ್ನೂ ಆಡಿಸಬಹುದು. ಪುರಾಣ ಓದುವಲ್ಲಿ ಕೂತು ಬೆಳೆದ ಭೋಜರಾಜನಿಗೆ ಇದು ಶುದ್ಧ ಅಧರ್ಮವಾಗಿ ಕಂಡಿತು. ಮೇಲಾಗಿ ಆ ರಕ್ಕಸ ಬೇರೆಯವರನ್ನು ಸುಮ್ಮನೆ ಒಳಗೆ ಬಿಡುತ್ತಿದ್ದ. 'ಭೋಜರಾಜ ಕೋಡಿ' ಎಂದು ತಲೆಯ ಮೇಲೆ ಹೆಸರು, ಊರು ಹೊತ್ತ ಅವನ ವೀರ ಕಂಡರೆ ಮಾತ್ರ, ಕಟ್ಟು ಬಿಚ್ಚಿದ ಗೂಳಿಯಂತೆ ಅಟ್ಟಿಸಿಕೊಂಡು ಬರುತ್ತಿದ್ದ.

ಇನ್ನೊಮ್ಮೆ ಸತ್ತರೆ, ಇಡೀ ಮಳೆಗಾಲ ಆಡಿ ಗೆದ್ದ ವಜ್ರದ ಕತ್ತಿ ರಕ್ಕಸನ ಪಾಲು.

ಮಗಳು ಧನ್ಯಶ್ರೀಯ ಓದಿಗೆಂದು ತಂದ ಕಂಪ್ಯೂಟರ್ ಮನೆಯಲ್ಲೇ ಇತ್ತು. ಆದರೆ ಹೆಂಡತಿ ಪುಷ್ಪಳ ಬಾಯಿಗೆ ಹೆದರಿ, ಐಸ್ ಪ್ಲಾಂಟಿನಲ್ಲಿ ಡ್ಯೂಟಿ ಇದೆ ಎಂದು ಸುಳ್ಳು ಹೇಳಿ ಇಲ್ಲಿಗೆ ಬಂದಿದ್ದ.

"ಹ್ವಾಯ್, ಸುರು ಆಯ್ತಾ?" ಪ್ಲಾಂಟಿನ ಜೊತೆಗಾರರಾದ ವೆಂಕಟ, ಪಾಂಡು ಬಂದು ಅವನ ಬೆನ್ನ ಹಿಂದೆ ಕುರ್ಚಿ ಎಳೆದುಕೊಂಡರು. ತಾನು ಗೆಲ್ಲುವುದನ್ನು ನೋಡಲು ಬನ್ನಿ ಎಂದು ಕರೆದದ್ದು ಭೋಜರಾಜನೇ.

ಯುದ್ಧ ಜೋರಾಯಿತು. ರಕ್ಕಸನ ಜೀವ ಅರ್ಧಕ್ಕಿಳಿಯಿತು. ಅಷ್ಟರಲ್ಲಿ ಅವನು ಗದೆ ಕೆಳಗಿಟ್ಟು ಸ್ತಬ್ಧನಾದ. ಪರದೆಯ ಮೂಲೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಅಚ್ಚ ಕುಂದಾಪ್ರ ಕನ್ನಡ ಮೂಡಿತು: "ಒಂದ್ ನಿಮ್ಷ ನಿಲ್ಲಿ. ಒಲಿ ಮೇಲೆ ಸಾರ್ ಇತ್ತ್."

"ನಮ್ಮೂರ್ ರಕ್ಕಸ ಮಾರಾಯ!" ಪಾಂಡು ಎದ್ದು ನಿಂತ. "ಈಗ್ಳೇ ಹೊಡಿ!"

ಭೋಜರಾಜ ಕೈ ಎತ್ತುವಷ್ಟರಲ್ಲಿ ವೆಂಕಟ ಅವನ ಮಣಿಕಟ್ಟು ಹಿಡಿದ. ಯಕ್ಷಗಾನವೆಂದರೆ ಬೆಳಗಿನ ತನಕ ಕಣ್ಣು ಮುಚ್ಚದ ಮನುಷ್ಯ ಅವನು.

"ಥೂ! ವೇಷಧಾರಿ ಬಣ್ಣ ಸರಿ ಮಾಡುಕೆ ರಂಗದ ಹಿಂದಿನ ಚೌಕಿಗೆ ಹೋದ್ರೆ ಪದ ನಿಲ್ಸಿ ಭಾಗವತ್ರೇ ಕಾಯ್ತ್ರ್. ನೀ ಅವ್ರಿಂದ ದೊಡ್ಡವನಾ? ನಿಂತ ರಕ್ಕಸನಿಗೆ ಹೊಡಿತ್ಯಾ?"

"ಕತ್ತಿ ಹೋತ್ತ್ ಮಾರಾಯ!"

"ಕತ್ತಿ ಹೋಯ್ಲಿ. ಕ್ರಮ ಹೋಪುಕಾಗ."

ಕತ್ತಿ ಹೋದರೂ ಕ್ರಮ ತಪ್ಪಬಾರದು ಎಂದ ಮೇಲೆ ಭೋಜರಾಜ ಮೌಸಿನಿಂದ ಕೈ ತೆಗೆದ. ಅವನ ವೀರ ಕತ್ತಿ ಎತ್ತಿಕೊಂಡು ಗರುಡಗಂಬದಂತೆ ನಿಂತ. ಹಲ್ಲು ಕಚ್ಚಿಕೊಂಡು ಭೋಜರಾಜನೂ ಕಾದು ಕೂತ.

ರಕ್ಕಸ ಮರಳಿದ. "ಸಾರ್ ಸೀದ್ ಹೋಯ್ತ್. ಎಲ್ಲ ನಿಮ್ಮಿಂದ್ಲೇ!" ಎಂದು ಬರೆದವನೇ ಗದೆ ಬೀಸಿದ. ಒಂದೇ ಏಟು. ವೀರ ಹೋದ, ಕತ್ತಿಯೂ ಹೋಯಿತು.

"ಸತ್ರೂ ಧರ್ಮದಲ್ಲ್ ಸತ್ತೆ," ಎಂದು ವೆಂಕಟ ಬೆನ್ನು ತಟ್ಟಿದ. ಭೋಜರಾಜನಿಗೆ ಅವನನ್ನೇ ಮೊದಲು ಕೊಲ್ಲಬೇಕೆನಿಸಿತು.

ಉರಿಯುತ್ತ ಮನೆಗೆ ಬಂದು ಊಟಕ್ಕೆ ಕೂತ. ಬಂಗುಡೆ ಮೀನಿನ ಸಾರು. ತುತ್ತು ಬಾಯಿಗಿಟ್ಟವನು ಅಗಿಯುವುದನ್ನು ನಿಲ್ಲಿಸಿದ. ಸೀದ ವಾಸನೆ!

ಮೆಲ್ಲನೆ ತಿರುಗಿ ನೋಡಿದ. ಮಗಳ ಕಂಪ್ಯೂಟರಿನಲ್ಲಿ ರಕ್ಕಸ ನಿಂತಿದ್ದ, ಕೈಯಲ್ಲಿ ವಜ್ರದ ಕತ್ತಿ.

"ಅದ್... ನೀನಾ?"

"ಧನ್ಯ ಹೇಳ್ಕೊಟ್ಳ್," ಎಂದಳು ಪುಷ್ಪ.

"ನಂಗೊಬ್ಬನಿಗೇ ಎಂತಕೆ ಹೊಡುದ್?" ಅವನ ದನಿ ಏರಿತು.

"ಡ್ಯೂಟಿ ಅಂದ್ ಹೇಳಿ, ಊರಿಗೇ ಕಾಂಬಹಾಂಗೆ ತಲಿ ಮೇಲೆ ಹೆಸ್ರ್ ಬರ್ಕಂಡ್ ಬಂದ್ರೆ ಮತ್ತೆ ಯಾರಿಗ್ ಹೊಡುದ್?"

ಏರಿದ ದನಿ ಅಲ್ಲಿಂದಲೇ ಇಳಿಯಿತು. ಭೋಜರಾಜ ಬಾಗಿಲ ಕಡೆ ನೋಡಿ, ಪಿಸುಗುಟ್ಟಿದ. "ಪುಷ್ಪಾ, ನಾಳೆ ಸಂಜಿ ವೆಂಕಟ, ಪಾಂಡು ಮತ್ತೆ ನನ್ ಆಟ ಕಾಂಬುಕೆ ಬತ್ರ್. ನನ್ ಮರ್ಯಾದಿ ಪ್ರಶ್ನೆ. ಒಂದೇ ಒಂದ್ ಸಲ ನನ್ ಕೈಯಲ್ಲ್ ಸಾಯಿ."

ಪುಷ್ಪ ಅನ್ನದ ಮೇಲೆ ಇನ್ನೊಂದು ಸೌಟು ಸೀದ ಸಾರು ಸುರಿದಳು.

"ಸಾಯ್ತಿಲ್ಲೆ."